ನಿಮಗಿದು ಗೊತ್ತೇ? ಹಬ್ಬದ ತಾರೀಖಿನ ತಕರಾರುಗಳು

ಇಷ್ಟೊಂದು ಹಬ್ಬಗಳಿರುವ ದೇಶಕ್ಕೆ ರಾಷ್ಟ್ರೀಯ ರಜೆಗಳು ಮೂರೇ ಮೂರು: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಉಳಿದ ರಜೆಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.

ಸ್ವಾತಂತ್ರ್ಯ ದಿನವನ್ನು ದೇಶ ಮೊದಲು ಆಚರಿಸಿದ್ದು ಆಗಸ್ಟ್‌ನಲ್ಲಲ್ಲ, 1930ರ ಜನವರಿ 26ರಂದು! ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ ದಿನವದು. ಬ್ರಿಟಿಷರು ಹೋಗುವವರೆಗೂ ವರ್ಷವರ್ಷವೂ ಅಂದೇ ಆಚರಣೆ. ಆ ತಾರೀಖನ್ನು ಉಳಿಸಿಕೊಳ್ಳಲೆಂದೇ, 1949ರ ನವೆಂಬರ್ 26ಕ್ಕೆ ಅಂಗೀಕಾರವಾಗಿದ್ದ ಸಂವಿಧಾನ ಪೂರ್ತಿಯಾಗಿ ಜಾರಿಗೆ ಬರಲು ಎರಡು ತಿಂಗಳು ಕಾಯಿತು.

ಕೆಂಪುಕೋಟೆಯ ಮೇಲೆ ನೆಹರೂ ಮೊದಲ ಸಲ ಧ್ವಜ ಹಾರಿಸಿದ್ದು 1947ರ ಆಗಸ್ಟ್ 16ರಂದು. ಹೌದು, ಒಂದು ದಿನ ತಡವಾಗಿ.

ಆದರೆ ಅವತ್ತು ಕಲಬುರಗಿ, ಬೀದರ, ರಾಯಚೂರಿನವರಿಗೆ ಸ್ವಾತಂತ್ರ್ಯ ಬಂದಿರಲಿಲ್ಲ, ಅವರು ನಿಜಾಮನ ಪ್ರಜೆಗಳು. ಅವರ ಪಾಲಿನ ದಿನ 1948ರ ಸೆಪ್ಟೆಂಬರ್ 17. ಹಾಗಾಗಿ ಕಲ್ಯಾಣ ಕರ್ನಾಟಕದಲ್ಲಿ ಪ್ರತಿ ವರ್ಷ ಅಂದೂ ಧ್ವಜಾರೋಹಣ. ಗೋವಾದವರು ಇನ್ನೂ ಕಾದರು, 1961ರ ಡಿಸೆಂಬರ್ 19ರ ತನಕ.

ಕೆಥೊಲಿಕರಿಗೆ ಆಗಸ್ಟ್ 15 ಬೇರೆ ಕಾರಣಕ್ಕೂ ಹಬ್ಬವೇ: ಮೇರಿ ಮಾತೆಯ ಸ್ವರ್ಗಾರೋಹಣದ ದಿನ. ಮಂಗಳೂರಿನ ಕಡೆ ಅದಕ್ಕಿಂತ ಹೆಚ್ಚಿನ ಸಂಭ್ರಮ ಸೆಪ್ಟೆಂಬರ್ 8ಕ್ಕೆ. ಅಂದು ಮೇರಿ ಹುಟ್ಟಿದ ದಿನ, ಮೊಂತಿ ಫೆಸ್ತ್. ಚರ್ಚಿನಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಯಲ್ಲಿ ಹೊಸ ಅಕ್ಕಿಯ ಊಟ.

ಇನ್ನು ಚಂದ್ರನ ಲೆಕ್ಕಕ್ಕೆ ಬನ್ನಿ, ನಿಜವಾದ ಮಜಾ ಇರುವುದೇ ಇಲ್ಲಿ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಇಸ್ಲಾಮಿ ಪಂಚಾಂಗ ಅದನ್ನು ಹಾಗೇ ಬಿಟ್ಟುಬಿಡುತ್ತದೆ. ಅದಕ್ಕೇ ರಂಜಾನ್ ಸುಮಾರು 33 ವರ್ಷಕ್ಕೊಮ್ಮೆ ಮಳೆ, ಚಳಿ, ಬೇಸಿಗೆಗಳನ್ನೆಲ್ಲ ಸುತ್ತಿ ಬರುತ್ತದೆ. 2000ನೇ ಇಸವಿಯಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಎರಡು ಸಲ ಈದುಲ್ ಫಿತ್ರ್ ಬಂತು. ನಮ್ಮ ಪಂಚಾಂಗದವರು ಹಾಗೆ ಬಿಡುವವರಲ್ಲ. 19 ವರ್ಷಕ್ಕೆ ಏಳು ಅಧಿಕ ಮಾಸ ಸೇರಿಸಿ ಚಂದ್ರನನ್ನು ಎಳೆದು ತಂದು ಸೂರ್ಯನ ಜೊತೆ ನಿಲ್ಲಿಸುತ್ತಾರೆ. ಗಣೇಶ ಅದಕ್ಕೇ ಆಗಸ್ಟ್, ಸೆಪ್ಟೆಂಬರ್ ದಾಟುವುದಿಲ್ಲ.

ಕೃಷ್ಣ ಹುಟ್ಟಿದ್ದು ಯಾವ ಮಾಸದಲ್ಲಿ? ಶ್ರಾವಣ ಅಂತೀರಿ. ಮಥುರೆಯವರನ್ನು ಕೇಳಿ, ಭಾದ್ರಪದ ಅಂತಾರೆ. ಇಬ್ಬರದೂ ಸರಿ, ಹಬ್ಬವೂ ಒಂದೇ ದಿನ! ನಮ್ಮ ಮಾಸ ಅಮಾವಾಸ್ಯೆಗೆ ಮುಗಿದರೆ ಉತ್ತರದವರದು ಹುಣ್ಣಿಮೆಗೆ ಮುಗಿಯುತ್ತದೆ, ಹಾಗಾಗಿ ಕೃಷ್ಣಪಕ್ಷಕ್ಕೆ ಎರಡು ಹೆಸರು. ಅಲ್ಲಿ ಹೋಳಿಯ ಮರುದಿನವೇ ಚೈತ್ರ ಶುರು, ಹೊಸ ಸಂವತ್ಸರ ಮಾತ್ರ ಹದಿನೈದು ದಿನ ಕಳೆದ ಮೇಲೆ. ತಿಂಗಳ ನಡುವೆ ಹೊಸ ವರ್ಷ ತರುವ ಧೈರ್ಯ ಮೆಚ್ಚಬೇಕು.

ಸಂಕ್ರಾಂತಿ ಸೂರ್ಯನ ಹಬ್ಬ, ಕದಲುವುದಿಲ್ಲ ಅಂದುಕೊಂಡಿದ್ದೀರಾ? ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಅದು 14 ಅಥವಾ 15ಕ್ಕೆ ಬರುತ್ತದೆ. ನಕ್ಷತ್ರ ನೋಡಿ ಅಳೆಯುವ ವರ್ಷ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಆ ನಿಮಿಷಗಳೇ ಸೇರಿ ಸುಮಾರು 72 ವರ್ಷಕ್ಕೆ ಒಂದು ದಿನವಾಗುತ್ತವೆ.

ಬಲಿ ಚಕ್ರವರ್ತಿ ಭೂಮಿಗೆ ಬರುವುದು ಯಾವಾಗ? ಕೇರಳದಲ್ಲಿ ಓಣಂಗೆ, ನಮ್ಮಲ್ಲಿ ದೀಪಾವಳಿಯ ಪಾಡ್ಯಕ್ಕೆ. ಪಾಪ, ಎರಡು ಕಡೆ ಊಟ.

ಮೊಹರಂ ಮುಸ್ಲಿಮರದ್ದಷ್ಟೇ ಎಂದವರು ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಹೋಗಿ ನೋಡಲಿ. ಅಲಾಯಿ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳೂ ಧಾರಾಳ. ಉತ್ತರ ಕರ್ನಾಟಕದಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳೂ ಮೊಹರಂ ಬಿಟ್ಟಿಲ್ಲ. ಬೆಂಗಳೂರಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿಯೇ ಮುಂದಕ್ಕೆ ಸಾಗುತ್ತದೆ.

ಈ ಪಂಚಾಂಗಗಳ ಗೊಂದಲಕ್ಕೆ ಸರ್ಕಾರವೂ ಒಮ್ಮೆ ಕೈ ಹಾಕಿತ್ತು. ಭೌತವಿಜ್ಞಾನಿ ಮೇಘನಾದ ಸಹಾ ನೇತೃತ್ವದ ಸಮಿತಿ ಲೆಕ್ಕ ಹಾಕಿದಾಗ ದೇಶದಲ್ಲಿ ಸುಮಾರು 30 ಪಂಚಾಂಗಗಳು ಬಳಕೆಯಲ್ಲಿದ್ದವು. ಎಲ್ಲರಿಗೂ ಒಂದೇ ಇರಲೆಂದು 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಬಂತು. ಅದರ ಪ್ರಕಾರ ಸ್ವಾತಂತ್ರ್ಯ ದಿನ ಶ್ರಾವಣ 24, ಗಣರಾಜ್ಯ ದಿನ ಮಾಘ 6. ಆದರೆ ಸರ್ಕಾರ ತನ್ನ ಹಬ್ಬಗಳನ್ನು ಇವತ್ತಿಗೂ ಆಚರಿಸುವುದು ಇಂಗ್ಲಿಷ್ ಕ್ಯಾಲೆಂಡರ್ ನೋಡಿಯೇ!