ಯಾರ ಮಕ್ಕಳು?

ಅಂಬಾಜಿದುರ್ಗ ಹೋಬಳಿಯಲ್ಲಿ ಹಿಪ್ಪುನೇರಳೆ ಬೆಳೆದು, ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವ ರೈತನ ಮಗಳಿಗೆ, ಕಾಲೇಜಿನ ಅರ್ಜಿಯಲ್ಲಿ ತಂದೆಯ ವೃತ್ತಿ 'ಬೇಸಾಯ' ಎಂದು ಬರೆಯುವುದು ನಷ್ಟದ ಮಾತಲ್ಲ. ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯವನ್ನು ನಡೆಸುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪದವಿ ತರಗತಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಸೀಟುಗಳಿವೆ. ಶೇಕಡಾ 40 ಇದ್ದ ಆ ಪಾಲನ್ನು 50ಕ್ಕೆ ಏರಿಸುವುದಾಗಿ ಸರಕಾರ 2021ರಲ್ಲಿ ಸಾರಿತು.

ತಂದೆಯನ್ನು ನೋಡಿ ಮಗಳಿಗೆ ಮಣೆ ಹಾಕುವುದು ನ್ಯಾಯವೇ ಎಂದು ವಾಚಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಹೆಸರಾಂತ ವಿದ್ಯಾಲಯಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಬಹುಕಾಲದಿಂದ ಆದ್ಯತೆ ನಡೆದುಬಂದಿದೆ. ಅಪ್ಪ ಓದಿದ ಕಾಲೇಜು ಮಗನಿಗೆ ಪಿತ್ರಾರ್ಜಿತ! ಕೊಲೊರಾಡೊ ರಾಜ್ಯ 2021ರಲ್ಲಿ ತನ್ನ ಸರಕಾರಿ ಕಾಲೇಜುಗಳಲ್ಲಿ ಇದನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಮಾಡಿದ ಶಾಸನ ಖಾಸಗಿ ಕಾಲೇಜುಗಳನ್ನೂ, ದಾನಿಗಳ ಮಕ್ಕಳನ್ನೂ ಬಿಡಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವಾದರೋ 2025ರಲ್ಲಿ, ರಾಜ್ಯದ ವಿದ್ಯಾರ್ಥಿವೇತನದ ಹಣ ಬಿಟ್ಟರೂ ಚಿಂತೆಯಿಲ್ಲ, ಪದ್ಧತಿ ಬಿಡೆವು ಎಂದು ನಿಶ್ಚಯಿಸಿತು.

ನಮ್ಮ ನಾಡಿನಲ್ಲಿ ಪಿತ್ರಾರ್ಜಿತ ಬಂದದ್ದು ಹಣದ ಚೀಲದ ರೂಪದಲ್ಲಿ. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕ 1984ರಲ್ಲೇ ಶಾಸನದಿಂದ ನಿಷೇಧಿಸಿತ್ತು. ಆದರೂ 1989ರ ಸರಕಾರಿ ಅಧಿಸೂಚನೆಯೊಂದು ಹೊರರಾಜ್ಯದವರಿಂದ ವೈದ್ಯಕೀಯ ಸೀಟಿಗೆ ವರ್ಷಕ್ಕೆ 60,000 ರೂಪಾಯಿಯವರೆಗೆ ಪಡೆಯಲು ಅವಕಾಶ ಕೊಟ್ಟಿತು. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ನ್ಯಾಯಾಲಯದ ಮೆಟ್ಟಿಲೇರಿದಳು. ಅದು ಬೇರೆ ಹೆಸರಿನ ಕ್ಯಾಪಿಟೇಶನ್ ಶುಲ್ಕವೇ ಎಂದು ಸುಪ್ರೀಂ ಕೋರ್ಟು 1992ರಲ್ಲಿ ತೀರ್ಪಿತ್ತಿತು. ಒಂದು ಬಾಗಿಲು ಮುಚ್ಚಿದರೆ ಕಿಟಕಿ ತೆರೆಯುವುದು ಲೋಕರೂಢಿಯಷ್ಟೆ: 2005ರಲ್ಲಿ ಅದೇ ನ್ಯಾಯಾಲಯ ಅನಿವಾಸಿ ಭಾರತೀಯರ ಮಕ್ಕಳಿಗೆ ಶೇಕಡಾ 15ರವರೆಗೆ ಸೀಟು ಮೀಸಲಿಡಲು ಖಾಸಗಿ ಕಾಲೇಜುಗಳಿಗೆ ಸಮ್ಮತಿಸಿತು. 2024ರಲ್ಲಿ ಪಂಜಾಬು ಈ ಹಕ್ಕನ್ನು ಚಿಕ್ಕಪ್ಪ, ಸೋದರತ್ತೆಯರ ನಂಟಿಗೂ ಹಿಗ್ಗಿಸಹೊರಟಾಗ ನ್ಯಾಯಾಧೀಶರಿಗೇ ಬೇಸರ ಬಂದು ಮನವಿಯನ್ನು ತಳ್ಳಿಹಾಕಿದರು. ಅಮೆರಿಕನರಾದರೂ ಸೋದರತ್ತೆಯವರೆಗೆ ಹೋದಂತಿಲ್ಲ!

ರೈತನ ಮಗಳ ಸೀಟು ಈ ಜಾತಿಯದಲ್ಲ ಎಂಬುದು ನನ್ನ ಅಭಿಪ್ರಾಯ. ಉಳಿದವು ಮುಂದಿದ್ದವರನ್ನೇ ಮುಂದೆ ನಿಲ್ಲಿಸುತ್ತವೆ. ಇದು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಹೊಸ್ತಿಲು ತುಳಿಯುವವಳನ್ನೂ ಕರೆಯುತ್ತದೆ. ಆದರೆ ಪಹಣಿಯಲ್ಲಿ ಹೆಸರಿಟ್ಟುಕೊಂಡು ಪಟ್ಟಣದಲ್ಲಿ ನೆಲೆಸಿದ ಸಾಹುಕಾರನ ಮಗನೂ ಇದೇ ಸಾಲಿನಲ್ಲಿ ಬಂದು ನಿಲ್ಲಬಲ್ಲನಲ್ಲ, ಅದೇ ಭಯ. ಕಾಗದ ಇಬ್ಬರಿಗೂ ಒಂದೇ. ಸದ್ಯ, ಈ ಸೀಟಿಗೆ ಕೃಷಿಯ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಅಲ್ಲಿ ಮೇಜಿನ ಮೇಲಿಟ್ಟ ಬೀಜವನ್ನು ನೋಡಿ ಹೆಸರು ಹೇಳಬೇಕಾದವನು ಅಪ್ಪನಲ್ಲ.