ಊರಿಗೆ ಹೋಗುವಾಗ ಬೇಗ, ಬರುವಾಗ ತಡ: ಯಾಕೆ?

ಅಮೆರಿಕದಲ್ಲಿ ನಾವಿರುವ ಈಸ್ಟ್ ಬ್ರನ್ಸ್‌ವಿಕ್‌ಗೆ ಹತ್ತಿರದ ನೆವಾರ್ಕ್ ನಿಲ್ದಾಣದಿಂದ ಬೆಂಗಳೂರಿಗೆ ಸುಮಾರು 13,400 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗವೆಂದರೆ 15 ಗಂಟೆ. ಹೋಗಲಿ, ಬರಲಿ, ದೂರ ಅಷ್ಟೇ. ಆದರೂ ಬರುವಾಗ ಹಾರಾಟದ ಹೊತ್ತು ಸಾಮಾನ್ಯವಾಗಿ ಹೆಚ್ಚು. ಭೂಮಿ ತಿರುಗುವುದೇ ಇದಕ್ಕೆ ಕಾರಣ ಅನ್ನುವವರಿದ್ದಾರೆ. ಭೂಮಿ ತಿರುಗುವುದು ಪೂರ್ವಕ್ಕೆ. ಆ ಮಾತು ನಿಜವಾಗಿದ್ದರೆ, ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ನೆವಾರ್ಕೇ ಎದುರು ಬಂದು ದಾರಿ ಬೇಗ ಸವೆಯಬೇಕಿತ್ತು! ಹಾಗಾಗುವುದಿಲ್ಲ, ಏಕೆಂದರೆ ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ.

ನಿಜವಾದ ಕಾರಣ, ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ಅದನ್ನು ತಪ್ಪಿಸಿ ಹಾರಬಹುದಲ್ಲ? ಹಾರುತ್ತಾರೆ, ಆದರೆ ಸುತ್ತಿದಷ್ಟೂ ದೂರ ಬೆಳೆಯುತ್ತದೆ. ಸೀಟಿನ ಮುಂದಿನ ಪರದೆ ನೋಡಿ: ಬೆನ್ನಿಗೆ ಗಾಳಿಯಿದ್ದರೆ ವೇಗ ಸಾವಿರ ದಾಟುತ್ತದೆ, ಎದುರುಗಾಳಿಯಿದ್ದರೆ ಎಂಟುನೂರಕ್ಕೆ ಇಳಿಯುತ್ತದೆ. ಬರುವಾಗ ಸಿಗುವುದು ಈ ಎದುರುಗಾಳಿಯೇ. ಅದಕ್ಕೇ ವಯಸ್ಸಾದ ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸುವಾಗ, ನಡುದಾರಿಯ ನಿಲ್ದಾಣದಲ್ಲಿ ಕಾಲು ಚಾಚಿಕೊಳ್ಳಲು ಸಾಕಷ್ಟು ಹೊತ್ತು ಇರಿಸಿ.