ಚಾಮಿಯ ಹೆದರಿಕೆ ಬೇಡ

‘ಹಠ ಮಾಡಿದರೆ ಚಾಮಿ ಕಣ್ಣು ಕುಕ್ಕುತ್ತದೆ.’ ಉಣಿಸುವಾಗ, ಮಲಗಿಸುವಾಗ ನಮ್ಮೆಲ್ಲರ ಬಾಯಲ್ಲಿ ಸಲೀಸಾಗಿ ಬರುವ ಮಾತಿದು. ಆ ಹೊತ್ತಿಗೆ ಮಗು ಸುಮ್ಮನಾಗಬಹುದು. ಆದರೆ ಅದರ ಮನಸ್ಸಿನಲ್ಲಿ ಉಳಿಯುವುದು ಭಯ, ಭಕ್ತಿಯಲ್ಲ.

ರಾಮನಗರ–ಚನ್ನಪಟ್ಟಣಗಳ ನಡುವೆ ಇರುವ ಕೆಂಗಲ್ ಆಂಜನೇಯನ ಗುಡಿಗೆ ಮಗುವನ್ನು ಕರೆದೊಯ್ದಿದ್ದೀರಿ ಎನ್ನಿ. ‘ಕೈ ಮುಗಿ’ ಎಂದು ಗದರಬೇಡಿ. ಮೊದಲು ನೀವು ಮುಗಿಯಿರಿ. ‘ನಿನ್ನ ಜ್ವರ ಬಿಟ್ಟಿತಲ್ಲ, ಅದಕ್ಕೆ’ ಎಂದು ಕಾರಣ ಹೇಳಿ. ಮಗು ತಾನಾಗಿ ನಿಮ್ಮನ್ನು ಅನುಸರಿಸುತ್ತದೆ.

ಗುಡಿಗೆ ಹೋಗಲು ಬಿಡುವಿಲ್ಲವೆ? ಮನೆಯಲ್ಲಿರುವ ಚನ್ನಪಟ್ಟಣದ ಬೊಂಬೆಯೇ ಸಾಕು. ಹಾಲೆ ಮರದ ತುಂಡು ಲೇತ್‌ನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಅರಗನ್ನು ಕೊಟ್ಟದ್ದು ಒಂದು ಪುಟ್ಟ ಕೀಟ. ಮರ, ಕೀಟ, ಕೆಲಸಗಾರರ ಕೈ: ಒಂದು ಆಟಿಕೆಯ ಹಿಂದೆ ಎಷ್ಟೊಂದು ಋಣ! ಇದನ್ನೇ ಕಥೆಯಾಗಿ ಹೇಳಿ.

ಮಲಗುವ ಮುನ್ನ ‘ಇವತ್ತು ನಿನಗೆ ಯಾವುದರಿಂದ ಖುಷಿಯಾಯಿತು?’ ಎಂದು ಕೇಳಿ. ಉತ್ತರ ನಾಯಿಮರಿ ಇರಬಹುದು, ಮಳೆ ಇರಬಹುದು. ನಿಮ್ಮದನ್ನೂ ಹೇಳಿ. ಎಷ್ಟೇ ದಣಿದ ದಿನವಾದರೂ, ಹುಡುಕಿದರೆ ಒಂದಾದರೂ ಸಿಗುತ್ತದೆ.